ಜೂನ್ ಒಂದನೇ ತಾರೀಖು

ಕಾರ್ಡು ತೊಡೆಯ ಮೇಲಿತ್ತು. ಒಂದು ಬದಿ ಅವನದೂ ಹೆಂಡತಿ ರಾಜಿಯದೂ ಫೋಟೋ, ಇನ್ನೊಂದು ಬದಿ ಬರವಣಿಗೆ. ಬ್ರಿಡ್ಜ್‌ವಾಟರಿನ ಮನೆ ಬಿಟ್ಟಾಗಿನಿಂದ ಗುರುರಾಜ ಫೋಟೋದ ಬದಿಯನ್ನೇ ಮೇಲೆ ಮಾಡಿ ಇಟ್ಟುಕೊಂಡಿದ್ದ. ಆದರೂ ಕಾರು ತಿರುಗಿದಾಗಲೆಲ್ಲ ಅದು ಜಾರುತ್ತಿತ್ತು, ಹಿಡಿಯಲು ಹೋದರೆ ಮಗುಚಿಕೊಳ್ಳುತ್ತಿತ್ತು, ಮಗುಚಿದರೆ ಆ ಸಾಲು ಕಣ್ಣಿಗೆ ಬೀಳುತ್ತಿತ್ತು: ಜನನ, ಪಾರ್ಥಿವ ಸಂವತ್ಸರದ ಆಶ್ವಯುಜ ಶುದ್ಧ ದ್ವಾದಶಿ, ಅಂದರೆ ಅಕ್ಟೋಬರ್ ಹದಿನೆಂಟು, ಸಾವಿರದ ಒಂಬೈನೂರ ನಲವತ್ತೈದು. ಮಗಳು ನಿರುಪಮಾ ತಾಯಿಯ ಟ್ರಂಕಿನ ತಳದಿಂದ ಜಾತಕ ತೆಗೆದು, ಯಾವುದೋ ವೆಬ್‌ಸೈಟಿಗೆ ತಿಥಿ ನಕ್ಷತ್ರಗಳನ್ನು ಉಣಿಸಿ, ಈ ತಾರೀಖನ್ನು ಹೊರಡಿಸಿದ್ದಳು. ಇಷ್ಟು ವರ್ಷವೂ ಅಪ್ಪನಿಗೆ ತಪ್ಪು ದಿನ ಕೇಕ್ ತಿನ್ನಿಸಿದ್ದೇವಲ್ಲ ಎಂದು ನಕ್ಕಿದ್ದಳು. ಎಂಬತ್ತರ ಶಾಂತಿಯನ್ನಾದರೂ ಸರಿಯಾದ ತಿಥಿಯ ದಿನವೇ ಮಾಡೋಣ ಎಂದು ದೇವಸ್ಥಾನದ ಸಣ್ಣ ಹಾಲ್ ಅನ್ನು ಬರುವ ಶನಿವಾರಕ್ಕೆ ಹಿಡಿದೂ ಬಿಟ್ಟಿದ್ದಳು. ಗುರುರಾಜ ಬೇಡವೆಂದಿರಲಿಲ್ಲ. ಬೇಡವೆನ್ನಲು ಕಾರಣ ಹೇಳಬೇಕಾಗುತ್ತಿತ್ತು.

ಪಕ್ಕದಲ್ಲಿ ಮೊಮ್ಮಗಳು ಹಂಸಿನಿ ಡ್ರೈವ್ ಮಾಡುತ್ತಿದ್ದಳು. ಇಪ್ಪತ್ತು ವರ್ಷ, ಕಾಲೇಜಿನಿಂದ ವಾರಾಂತ್ಯಕ್ಕೆ ಬಂದವಳನ್ನು ಅಜ್ಜನ ಸಾರಥಿಯಾಗಿ ಹೂಡಿದ್ದರು. ಹೋದ ವರ್ಷ ಗುರುರಾಜ ಗರಾಜಿನ ಬಾಗಿಲಿಗೆ ಗುದ್ದಿದ ಮೇಲೆ ಹೈವೇಯಲ್ಲಿ ಕಾರು ಮುಟ್ಟಬಾರದೆಂದು ಮಗಳು ಕಟ್ಟಪ್ಪಣೆ ಮಾಡಿದ್ದಳು. ಐವತ್ತು ವರ್ಷ ತಾನೇ ಓಡಿಸಿದ ರಸ್ತೆಯಲ್ಲಿ ಈಗ ಬಲಗಡೆಯ ಸೀಟಿನಲ್ಲಿ, ಬೆಲ್ಟಿನ ಕೆಳಗೆ, ಒಂದು ಸ್ಟೀಲಿನ ಡಬ್ಬಿಯನ್ನೂ ಒಂದು ಕಾರ್ಡನ್ನೂ ಹಿಡಿದುಕೊಂಡು ಕೂತಿದ್ದ. ಡಬ್ಬಿಯಲ್ಲಿ ರಾಜಿ ಅರಿಸಿನ ಹಚ್ಚಿ ಕಲಸಿ ಕೊಟ್ಟ ಅಕ್ಷತೆ. ಮಂಡಿ ಆಪರೇಶನ್ ಆಗಿ ಅವಳು ಹೊರಡುವಂತಿರಲಿಲ್ಲ. ಉಳಿದವರಿಗೆಲ್ಲ ವಾಟ್ಸಾಪಿನಲ್ಲಿ ಕಳಿಸಿದರೆ ಸಾಕು, ಶಂಕರಪ್ಪನನ್ನು ಮಾತ್ರ ಮನೆಗೆ ಹೋಗಿ, ಕೈಗೆ ಅಕ್ಷತೆ ಕೊಟ್ಟು ಕರೆಯಬೇಕು, ಇಲ್ಲದಿದ್ದರೆ ಅವರು ಬರುವುದಿಲ್ಲ ಎಂದು ಅವಳೇ ಹಟ ಹಿಡಿದಿದ್ದಳು. ಅವರು ನಿಮ್ಮ ಒಡಹುಟ್ಟಿದವರಿಗಿಂತ ಹೆಚ್ಚಲ್ಲವೇ ಅಂದಿದ್ದಳು. ನೆಲದ ಮೇಲೆ ಕೂರಲಾಗದ ಶಂಕರಪ್ಪನಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸುವುದಾಗಿ ನಿರುಪಮಾ ಹೇಳಿದ್ದಳು. ಮುಂದಿನ ಸಾಲು ಎಂದರೆ ಹೋಮಕುಂಡದ ಆಚೆ, ತನಗೆ ಸರಿಯಾಗಿ ಎದುರು. ಪುರೋಹಿತರು ಸಂಕಲ್ಪದಲ್ಲಿ ಆ ಮಾಸ, ಆ ತಿಥಿಯನ್ನು ಮೈಕಿನಲ್ಲಿ ಹೇಳುವಾಗ ಶಂಕರಪ್ಪನ ಮುಖ ಹೊಗೆಯ ಹಿಂದೆ ಇರುತ್ತದೆ.

ವೆರಜಾನೋ ಸೇತುವೆ ಇಳಿದು ಬೆಲ್ಟ್ ಪಾರ್ಕ್‌ವೇಗೆ ಬಂದದ್ದೇ ಕಾರುಗಳು ನಿಂತುಬಿಟ್ಟವು. ಬಲಕ್ಕೆ ನೀರು ಥಳಥಳಿಸುತ್ತಿತ್ತು, ದಂಡೆಯ ಮೇಲೆ ಯಾರೋ ಗಾಳಿಪಟ ಹಾರಿಸುತ್ತಿದ್ದರು. ಗುರುರಾಜನಿಗೆ ಒಂದಕ್ಕೆ ಹೋಗಬೇಕೆನಿಸತೊಡಗಿ ಅರ್ಧ ಗಂಟೆಯಾಗಿತ್ತು. ಹೇಳಲು ನಾಚಿಕೆ. ಹೇಳಿದರೆ ಹುಡುಗಿ ಎಷ್ಟು ಒಳ್ಳೆಯ ಮುಖ ಮಾಡಿಕೊಂಡು ಎಕ್ಸಿಟ್ ಹುಡುಕುತ್ತಾಳೆಂದರೆ, ಆ ಒಳ್ಳೆಯತನವನ್ನು ತಡೆಯುವುದು ಮೂತ್ರ ತಡೆಯುವುದಕ್ಕಿಂತ ಕಷ್ಟ. ಕಾಲು ಕತ್ತರಿ ಹಾಕಿಕೊಂಡು ಗಾಳಿಪಟ ನೋಡಿದ. ಶಂಕರಪ್ಪ ಮೊದಲ ಸಲ ಈ ನೀರು ನೋಡಿ, ಇದೇನಪಾ, ನಮ್ಮ ತುಂಗಭದ್ರಾ ಬ್ಯಾಸಗ್ಯಾಗ ಇದರಕ್ಕಿಂತ ಸ್ವಚ್ಛ ಇರತಾಳ ಅಂದಿದ್ದ. ಅರವತ್ತೆಂಟರ ಚಳಿಗಾಲ. ಜರ್ಸಿ ಸಿಟಿಯಲ್ಲಿ ಇಟಾಲಿಯನ್ ಮುದುಕಿಯೊಬ್ಬಳ ಮನೆಯ ಮೇಲಿನ ಕೋಣೆ. ಒಂದು ಗ್ಯಾಸ್ ಒಲೆ, ಎರಡು ಕಬ್ಬಿಣದ ಮಂಚ, ಬಾಗಿಲ ಹಿಂದೆ ಎರಡು ಗೂಟ, ಗೂಟಕ್ಕೆ ಇಬ್ಬರ ಕೋಟು. ತುಮಕೂರಿನ ಕಡೆಯ ತಾನು, ರಾಣೆಬೆನ್ನೂರಿನ ಅವನು. ಇಬ್ಬರೂ ಹೊಸದಾಗಿ ಎಂಜಿನಿಯರುಗಳು, ಇಬ್ಬರ ಕೈಯಲ್ಲೂ ಗ್ರೀನ್ ಕಾರ್ಡು. ಗ್ರೀನ್ ಕಾರ್ಡಿನ ಹಿಂದೆಯೇ ಇನ್ನೊಂದು ಫಾರಂ ಬರುತ್ತದೆಂದು ಊರಿನಲ್ಲಿ ಯಾರೂ ಹೇಳಿರಲಿಲ್ಲ. ಈ ದೇಶದ ಪ್ರಜೆಯಲ್ಲದಿದ್ದರೂ, ಇಲ್ಲಿ ನೆಲೆಸಲು ಬಂದ ಹುಡುಗರು ಡ್ರಾಫ್ಟಿಗೆ, ಅಂದರೆ ಸೈನ್ಯದ ಕಡ್ಡಾಯ ಭರ್ತಿಗೆ, ಹೆಸರು ಬರೆಸಲೇಬೇಕು. ಕರೆದರೆ ವಿಯೆಟ್ನಾಂ ಯುದ್ಧಕ್ಕೆ ಹೋಗಲೇಬೇಕು. ಇಬ್ಬರೂ ಕೂಡಿಯೇ ಹೋಗಿ ಬರೆಸಿ ಬಂದಿದ್ದರು. ಹುಟ್ಟಿದ ತಾರೀಖು ಎಂಬ ಕಡೆ ಇಬ್ಬರೂ ಪಾಸ್‌ಪೋರ್ಟಿನಲ್ಲಿದ್ದದ್ದನ್ನು ಬರೆದಿದ್ದರು. ಪಾಸ್‌ಪೋರ್ಟಿನಲ್ಲಿದ್ದದ್ದು ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನಲ್ಲಿದ್ದದ್ದು. ಸರ್ಟಿಫಿಕೇಟಿನಲ್ಲಿದ್ದದ್ದು ಹೆಡ್‌ಮಾಸ್ಟರು ಬರೆದದ್ದು.

"ತಾತ, ದಿಸ್ ಈಸ್ ಸೋ ಕೂಲ್," ಎಂದಳು ಹಂಸಿನಿ. ನಿಂತ ಕಾರಿನಲ್ಲಿ ಫೋನು ಎತ್ತಿಕೊಂಡಿದ್ದಳು.

ಡ್ರೈವ್ ಮಾಡುವಾಗ ಫೋನು ಬೇಡವೆಂದು ಅವನು ಹೇಳಿದ. ನಾವು ಡ್ರೈವ್ ಮಾಡುತ್ತಿಲ್ಲವಲ್ಲ, ಪಾರ್ಕ್ ಮಾಡಿಕೊಂಡಿದ್ದೇವೆ ಎಂದು ಅವಳು ಇಂಗ್ಲಿಷಿನಲ್ಲಿ ನಕ್ಕಳು. ಶಂಕರ್ ಅಂಕಲ್ ವಿಯೆಟ್ನಾಂ ವೆಟರನ್ ಅಂತ ಅಮ್ಮ ಹೇಳಿದರು, ನಮ್ಮ ಹಿಸ್ಟರಿ ಕ್ಲಾಸಿನಲ್ಲಿ ಈಗ ಅದೇ ನಡೆಯುತ್ತಿದೆ, ಅವರ ಹತ್ತಿರ ಕೇಳಬೇಕು ಅಂದಳು. ಡ್ರಾಫ್ಟಿನಲ್ಲಿ ಯಾರು ಹೋಗಬೇಕೆಂದು ಲಾಟರಿ ಎತ್ತಿದರಂತೆ, ಹುಟ್ಟಿದ ದಿನದ ಮೇಲೆ, ಗೊತ್ತಾ? ಇಲ್ಲಿ ನೋಡು, ಹುಟ್ಟಿದ ದಿನ ಹಾಕಿದರೆ ನಂಬರ್ ಹೇಳುತ್ತದೆ. ನೂರ ತೊಂಬತ್ತೈದರ ಒಳಗೆ ಬಂದರೆ ಹೋಗಬೇಕಿತ್ತು.

"ಹಂಸಾ, ಮುಂದೆ ನೋಡು. ಬಿಟ್ಟಿದಾನೆ."

ಮುಂದಿನ ಕಾರು ಎರಡಡಿ ಸರಿದಿತ್ತು. ಅವಳೂ ಎರಡಡಿ ಸರಿಸಿ, ಒಂದು ಬೆರಳಿನಲ್ಲಿ ಏನೋ ಒತ್ತಿದಳು. ಆಮೇಲೆ ಬಾಯಿ ತೆರೆದು ಅವನತ್ತ ತಿರುಗಿದಳು.

"ಓ ಮೈ ಗಾಡ್, ತಾತ. ಅಕ್ಟೋಬರ್ ಏಯ್ಟೀನ್ತ್ ಈಸ್ ನಂಬರ್ ಫೈವ್. ನೀನು ಡೆಫಿನೆಟ್ಲಿ ಹೋಗ್ತಿದ್ದೆ."

"ನಂದು ಜೂನ್ ಒಂದು," ಎಂದ ಗುರುರಾಜ.

ಅವಳು ಮತ್ತೆ ಒತ್ತಿದಳು. ಇನ್ನೂರ ನಲವತ್ತೊಂಬತ್ತು. ಅವಳ ನಗು ಕಾರನ್ನೆಲ್ಲ ತುಂಬಿತು. ಅಂದರೆ ಆ ಹೆಡ್‌ಮಾಸ್ಟರ್ ನಿನ್ನ ಜೀವ ಉಳಿಸಿದ, ಈ ಕಥೆ ಅಮ್ಮನಿಗೆ ಗೊತ್ತಾ, ಇದು ಎಷ್ಟು ಒಳ್ಳೆಯ ಕಥೆ ಎಂದು ಒಂದೇ ಸಮ ಹೇಳಿದಳು. ಐ ಹ್ಯಾವ್ ಟು ಟೆಲ್ ಶಂಕರ್ ಅಂಕಲ್ ಎಂದಳು.

ಹೇಳಬೇಡ ಎನ್ನಲು ಅವನು ಬಾಯಿ ತೆರೆದ. ಯಾಕೆ ಎಂದು ಕೇಳುತ್ತಾಳೆ. ಈ ಮಕ್ಕಳು ಯಾಕೆ ಎಂದು ಕೇಳದೆ ಒಂದು ಲೋಟ ನೀರನ್ನೂ ಕುಡಿಯುವುದಿಲ್ಲ. ಅವನು ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿದ. ಕೆನಡಿ ಏರ್‌ಪೋರ್ಟಿಗೆ ಇಳಿಯುವ ವಿಮಾನವೊಂದು ಚಕ್ರ ಬಿಚ್ಚಿಕೊಂಡು, ಬೀಳುತ್ತದೋ ಎಂಬಷ್ಟು ತಗ್ಗಿನಲ್ಲಿ, ರಸ್ತೆಯ ಮೇಲೆ ಹಾದುಹೋಯಿತು. ಅರವತ್ತೊಂಬತ್ತರ ಡಿಸೆಂಬರ್, ಆ ಲಾಟರಿಯ ರಾತ್ರಿ. ನೀಲಿ ಪ್ಲಾಸ್ಟಿಕ್ಕಿನ ಗುಳಿಗೆಗಳು. ಕೆಳಗಿನ ಮನೆಯ ಮುದುಕಿಯ ಟೀವಿಯಲ್ಲಿ ಅವು ಬೂದು ಬಣ್ಣವಾಗಿದ್ದವು. ನೀಲಿ ಎಂದು ಆಮೇಲೆ ಪೇಪರಿನಲ್ಲಿ ಓದಿದ್ದು. ಒಂದು ದೊಡ್ಡ ಗಾಜಿನ ಭರಣಿ, ಊರಿನಲ್ಲಿ ಅಜ್ಜಿ ಮಾವಿನಕಾಯಿ ಹಾಕಿಡುತ್ತಿದ್ದಂಥದು, ಅದರಲ್ಲಿ ವರ್ಷದ ದಿನಗಳೆಲ್ಲ ಒಂದೊಂದು ಗುಳಿಗೆಯೊಳಗೆ ಸುತ್ತಿಕೊಂಡು ಮಲಗಿದ್ದವು. ಒಂದು ಕೈ ಒಳಗೆ ಹೋಗುತ್ತಿತ್ತು, ಬರುತ್ತಿತ್ತು. ಟೀವಿಯ ಮುಂದೆ ಮುದುಕಿಯ ಮೊಮ್ಮಗ, ಅವನ ಇಬ್ಬರು ಸ್ನೇಹಿತರು, ಇವರಿಬ್ಬರು. ಕಮ್ಯುನಿಸ್ಟರನ್ನು ಅಲ್ಲಿಯೇ ತಡೆಯದಿದ್ದರೆ ನಾಳೆ ಹಡ್ಸನ್ ನದಿ ದಾಟಿ ಬರುತ್ತಾರೆ ಎಂದು ಮುದುಕಿ ಸದಾ ಹೇಳುತ್ತಿದ್ದವಳು ಅವತ್ತು ಮಾತಾಡದೆ ಜಪಸರ ಹಿಡಿದಿದ್ದಳು. ಮೊದಲನೆಯದು ಸೆಪ್ಟೆಂಬರಿನ ಯಾವುದೋ ದಿನ. ಎರಡನೆಯದು ಏಪ್ರಿಲ್ ಇಪ್ಪತ್ತನಾಲ್ಕು. ಹಾಂ, ನಂದು ಅಂದ ಶಂಕರಪ್ಪ, ಬಸ್ಸಿನಲ್ಲಿ ತನ್ನ ಸ್ಟಾಪು ಬಂದವನ ಹಾಗೆ.

ಅದು ಅವನದಾಗಿರಲಿಲ್ಲ. ಅವನು ಹುಟ್ಟಿದ್ದು ಸರ್ಟಿಫಿಕೇಟಿನಲ್ಲಿದ್ದ ನಲವತ್ತೈದರ ಮರುವರ್ಷ, ಶ್ರಾವಣದ ನಾಲ್ಕನೇ ಸೋಮವಾರ. ಅವನನ್ನು ಶಾಲೆಗೆ ಹಾಕಲು ಹೋದ ಅಜ್ಜನಿಗೆ ತಾರೀಖು ಹೇಳಲು ಬರಲಿಲ್ಲ, ವಯಸ್ಸು ಬೇರೆ ಕಡಿಮೆ ಬೀಳುತ್ತಿತ್ತು. ಮಾಸ್ತರರು ತಮ್ಮ ಮಗನ ತಾರೀಖನ್ನೇ ಬರೆದುಕೊಂಡರು. ಅವರಿಗೆ ನೆನಪಿದ್ದ ಹುಟ್ಟಿದಹಬ್ಬ ಅದೊಂದೇ. ಇದನ್ನು ಶಂಕರಪ್ಪ ಎಷ್ಟು ಸಲ ಹೇಳಿ ನಗಿಸಿರಲಿಲ್ಲ. ಗುರುರಾಜನ ಹೆಡ್‌ಮಾಸ್ಟರಿಗೆ ಅಷ್ಟು ಕಲ್ಪನೆಯೂ ಇರಲಿಲ್ಲ. ಶಾಲೆ ತೆರೆಯುವ ಜೂನ್ ಒಂದನೇ ತಾರೀಖನ್ನು ಇಡೀ ತರಗತಿಗೆ ಹಂಚಿದ್ದರು. ಆ ಕೋಣೆಯಲ್ಲಿ ಎಲ್ಲರೂ ಶಂಕರಪ್ಪನ ಕಡೆ ನೋಡುತ್ತಿದ್ದಾಗ ಮೂರನೆಯದು ಬಂತು, ನಾಲ್ಕನೆಯದು ಬಂತು, ಐದನೆಯದು ಬಂತು. ಅಕ್ಟೋಬರ್ ಹದಿನೆಂಟು. ಗುರುರಾಜನಿಗೆ ಕಿವಿ ಬಿಸಿಯಾಯಿತು. ಅಮ್ಮ ದಸರೆಯಾದ ಎರಡನೇ ದಿನ ಹಣೆಗೆ ಕುಂಕುಮವಿಟ್ಟು ಕೂರಿಸುತ್ತಿದ್ದ ಮಣೆ ನೆನಪಾಯಿತು. ಕಾಲೇಜಿನಲ್ಲಿದ್ದಾಗ ಹಳೆಯ ಪಂಚಾಂಗ ಹುಡುಕಿ ತಾರೀಖನ್ನು ತಾನೇ ಕಂಡುಹಿಡಿದಿದ್ದ. ಆ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿ ಶಂಕರಪ್ಪ ಇರಲಿಲ್ಲ, ಯುದ್ಧ ಇರಲಿಲ್ಲ. ಮುಖ ಅಲುಗಬಾರದು ಎಂಬುದೊಂದೇ ಇತ್ತು. ಅಲುಗಲಿಲ್ಲ.

ಕಾರುಗಳು ಬಿಟ್ಟವು. ಹಂಸಿನಿ ಏನೋ ಹಾಡು ಹಾಕಿದಳು. ಆಮೇಲಿನದು ಎಂದು ಗುರುರಾಜ ಯಾವಾಗಲೂ ಕರೆಯುತ್ತಿದ್ದ ಭಾಗ ಹೊಟ್ಟೆಯಲ್ಲಿ ಮೂತ್ರದ ಜೊತೆ ಸೇರಿಕೊಂಡು ಒತ್ತತೊಡಗಿತು. ನಿಜವಾದ ತಾರೀಖಿಗೆ ಮುನ್ನೂರ ಹನ್ನೊಂದು ಬರುತ್ತದೆ, ಸರ್ಟಿಫಿಕೇಟು ಸುಳ್ಳೆಂದು ತೋರಿಸಿದರೆ ಉಳಿದುಕೊಳ್ಳುತ್ತೇನೆ ಎಂದು ಶಂಕರಪ್ಪ ತಂದೆಯಿಂದ ಕಾಗದ ತರಿಸಿದ್ದ. ಡ್ರಾಫ್ಟ್ ಬೋರ್ಡಿನವರು, ಇದನ್ನು ಇಂಗ್ಲಿಷಿಗೆ ಮಾಡಿಸಿಕೊಂಡು ಬಾ, ನಿಮ್ಮ ದೇಶದಲ್ಲಿ ಶಾಲೆಯ ತಾರೀಖನ್ನು ಹೀಗೆ ಮನಸ್ಸಿಗೆ ಬಂದಂತೆ ಬರೆಯುತ್ತಾರೆಂದು ನಿಮ್ಮ ಕಡೆಯವರೊಬ್ಬರು ಪ್ರಮಾಣ ಮಾಡಿ ಸಹಿ ಹಾಕಲಿ, ನೋಡೋಣ ಅಂದಿದ್ದರು. ನಿಮ್ಮ ಕಡೆಯವರು ಎಂದು ಯಾರಿದ್ದರು? ಗುರುರಾಜ ಆಫೀಸಿನ ಟೈಪ್‌ರೈಟರಿನಲ್ಲಿ ಒಂದು ಪುಟ ಟೈಪ್ ಮಾಡಿದ. ಒಳ್ಳೆಯ ಭಾಷೆಯಲ್ಲಿ, ಒಂದು ತಪ್ಪಿಲ್ಲದೆ. ನೋಟರಿಯ ಮುಂದೆ ಸಹಿ ಹಾಕಬೇಕಿತ್ತು. ಹನ್ನೊಂದು ದಿನ ಅದು ಅವನ ಕೋಟಿನ ಒಳಜೇಬಿನಲ್ಲಿತ್ತು. ನಿಮ್ಮ ದೇಶದಲ್ಲಿ ಹೀಗೆ ಎಂದು ಹೇಳಿದ ಕೂಡಲೇ ಮೇಜಿನ ಆಚೆಯವನು ಪೆನ್ನು ಕೆಳಗಿಟ್ಟು, ಹಾಗಾದರೆ ನಿನ್ನದು ಎಂದು ಕೇಳುತ್ತಾನೆ. ಆ ಒಂದು ಪ್ರಶ್ನೆಯನ್ನು ಅವನು ಹನ್ನೊಂದು ದಿನ ಬಸ್ಸಿನಲ್ಲಿ, ಊಟದಲ್ಲಿ, ಕನ್ನಡಿಯ ಮುಂದೆ ಕೇಳಿಸಿಕೊಂಡ. ಸಂಜೆ ಬಂದು, ನೋಟರಿ ಸಿಗಲಿಲ್ಲ ಅಂದ. ರಜಾ ಅಂದ. ಹನ್ನೆರಡನೇ ದಿನ, ನಮ್ಮ ಬಾಸ್ ಹೇಳುತ್ತಾನೆ, ಇದರಿಂದ ನಮ್ಮಿಬ್ಬರ ಗ್ರೀನ್ ಕಾರ್ಡಿಗೂ ತೊಂದರೆಯಂತೆ, ಫಾರಮಿನಲ್ಲಿ ಸುಳ್ಳು ಬರೆದಿದ್ದೀರಿ ಅಂತ ಹಿಡೀತಾರಂತೆ ಅಂದ. ಬಾಸ್ ಏನೂ ಹೇಳಿರಲಿಲ್ಲ. ಬಾಸನ್ನು ಕೇಳಿಯೇ ಇರಲಿಲ್ಲ. ಶಂಕರಪ್ಪ ಒಲೆಯ ಮೇಲೆ ರೊಟ್ಟಿ ತಿರುವುತ್ತಿದ್ದವನು ತಿರುಗಿ ನೋಡದೆ, ಆತು ಬಿಡಪಾ ಅಂದ. ಫೆಬ್ರವರಿಯಲ್ಲಿ ಕರೆ ಬಂತು. ದಾವಣಗೆರಿ ಮಿಲ್ಲಿನ್ಯಾಗ ನಮ್ಮ ಕಾಕಾ ಕೆಂಪು ಬಾವುಟ ಹಿಡದಾಂವ, ಈಗ ನಮ್ಮ ಕಾಕಾನ ಮಂದಿನ್ನ ಹೊಡಿಯಾಕ ಹೊಂಟೇನಿ ಅಂತ ಮನಿಗೆ ಬರೀಲೇನು ಎಂದು ನಕ್ಕು ಬಸ್ಸು ಹತ್ತಿದ. ಆ ನಗುವಿಗೆ ಗುರುರಾಜನೂ ನಕ್ಕಿದ್ದ.

ಎಪ್ಪತ್ತೊಂದರಲ್ಲಿ ಶಂಕರಪ್ಪ ಬಂದ. ಕೈಕಾಲು ಎಲ್ಲ ಇದ್ದವು. ಎಂಜಿನಿಯರಿಂಗಿಗೆ ಮರಳಲಿಲ್ಲ, ಪೋಸ್ಟಾಫೀಸು ಸೇರಿ ಕ್ವೀನ್ಸಿನಲ್ಲಿ ಮೂವತ್ತು ವರ್ಷ ಕಾಗದಗಳನ್ನು ಊರೂರಿಗೆ ಬೇರ್ಪಡಿಸಿದ. ಯುದ್ಧದಲ್ಲಿದ್ದವನು ಎಂದು ಎರಡು ಸಂಬಂಧಗಳು ತಪ್ಪಿ, ಮೂರನೆಯದರಲ್ಲಿ ಶಿವಲಿಂಗಮ್ಮ ಬಂದಳು. ಕನ್ನಡ ಕೂಟದ ಸಮಾರಂಭಗಳಲ್ಲಿ ಅದರ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ಮೊದಲು, ಈ ದೇಶದವರೇ ಬೇಡವೆಂದ ಯುದ್ಧಕ್ಕೆ ಹೋದನಲ್ಲ ಎಂಬ ಮುಜುಗರಕ್ಕೆ, ಆಮೇಲೆ ಮರೆವಿಗೆ. ಈಚೆಗೆ ಯಾರೋ ಹುಡುಗರು ಶಾಲು ಹೊದಿಸುತ್ತೇವೆ, ಮೆಡಲ್ ಹಾಕಿಕೊಂಡು ಬನ್ನಿ ಅಂದಾಗ ಅವನು ಫೋನು ಇಟ್ಟನಂತೆ. ಗುರುರಾಜನ ಹತ್ತಿರ ಮಾತ್ರ ಒಂದೇ ಒಂದು ಸಲ, ಬಂದ ಹೊಸದರಲ್ಲಿ, ಕೇಳದೆಯೇ ಹೇಳಿದ್ದ. ಒಂದು ಹಳ್ಳಿ. ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು, ಥೇಟ್ ನಮ್ಮ ಚಿಗವ್ವ ಕೇರಿದಂಗ ಅಂದು, ನಿಲ್ಲಿಸಿದ. ಆಮೇಲೇನಾಯಿತು ಎಂದು ಗುರುರಾಜ ಕೇಳಲಿಲ್ಲ. ಕೇಳದಿರುವುದು ಸಂಕೋಚವೆಂದು ಬಹಳ ವರ್ಷ ನಂಬಿದ್ದ. ಪ್ರತಿ ವರ್ಷ ಜೂನ್ ಒಂದನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಶಂಕರಪ್ಪನ ಫೋನು ತಪ್ಪುತ್ತಿರಲಿಲ್ಲ. ಹ್ಯಾಪಿ ಬರ್ತ್‌ಡೇ ಗುರು ಎಂಬ ಆ ದನಿಯಲ್ಲಿ ಏನಾದರೂ ಇದೆಯೇ ಎಂದು ಅವನು ಐವತ್ತು ವರ್ಷ ಕಿವಿಗೊಟ್ಟು ಕೇಳಿದ್ದ. ಏನೂ ಇರುತ್ತಿರಲಿಲ್ಲ. ಫೋನು ಇಟ್ಟ ಮೇಲೆ ಅವನಿಗೆ ಕಾಫಿ ಸೇರುತ್ತಿರಲಿಲ್ಲ.

ಫ್ಲೋರಲ್ ಪಾರ್ಕಿನಲ್ಲಿ ಹಿಲ್‌ಸೈಡ್ ಅವೆನ್ಯೂವಿನ ಅಂಗಡಿಗಳ ಮುಂದೆ ನವರಾತ್ರಿಯ ಜನ. ಪಕ್ಕದ ರಸ್ತೆಯಲ್ಲಿ ಶಂಕರಪ್ಪನ ಮನೆ, ಮುಂದೆ ಒಂದು ಚಿಕ್ಕ ಚೌಕದಲ್ಲಿ ಬದನೆಗಿಡಗಳು. ಬಾಗಿಲು ತೆರೆದ ಶಿವಲಿಂಗಮ್ಮನಿಗೆ ನಮಸ್ಕಾರ ಎನ್ನುವ ಮೊದಲೇ ಗುರುರಾಜ ಬಾತ್‌ರೂಮನ್ನು ಕೇಳಬೇಕಾಯಿತು. ಹಂಸಿನಿ ನೆಲ ನೋಡಿದಳು. ಬಾಗಿಲು ಹಾಕಿಕೊಂಡು, ಹೊಟ್ಟೆ ಹಗುರಾಗಿ, ಕೈ ತೊಳೆದು ನೋಡಿದರೆ ಕಾರ್ಡು ಕಂಕುಳಲ್ಲಿಯೇ ಇತ್ತು. ಒದ್ದೆ ಹೆಬ್ಬೆರಳನ್ನು ತಾರೀಖಿನ ಮೇಲೆ ಇಟ್ಟು ಒಂದು ಸಲ ಉಜ್ಜಿದ. ಮತ್ತೆ ಉಜ್ಜಿದ. ನಿರುಪಮಾ ಒಳ್ಳೆಯ ಕಾಗದದಲ್ಲಿ ಹಾಕಿಸಿದ್ದಳು. ನೀರು ಮುತ್ತಾಗಿ ನಿಂತು ಜಾರಿ ಹೋಯಿತು, ಅಕ್ಷರ ಮಿರುಗಿದವು. ಉಗುರಿನಿಂದ ಕೆರೆಯಲು ಹೋಗಿ ಕನ್ನಡಿಯಲ್ಲಿ ತನ್ನನ್ನು ಕಂಡ. ಇಪ್ಪತ್ತನಾಲ್ಕು ವರ್ಷದವನು ಮಾಡಬಹುದಾದದ್ದನ್ನು ಒಬ್ಬ ಮುದುಕ ಮಾಡುತ್ತಿದ್ದ. ಹೊರಗೆ ಶಿವಲಿಂಗಮ್ಮ, ಹುಡುಗಿಗೆ ಮದುವೆಗಿದುವೆ ನೋಡೂದೈತೋ ಇಲ್ಲೋ ಎಂದು ಕೇಳುವುದೂ, ಹಂಸಿನಿ ಇಂಗ್ಲಿಷಿನಲ್ಲಿ ತಪ್ಪಿಸಿಕೊಳ್ಳುವುದೂ ಕೇಳಿಸುತ್ತಿತ್ತು. ಟವೆಲಿನಿಂದ ಕಾರ್ಡನ್ನು ಒರೆಸಿಕೊಂಡು ಹೊರಗೆ ಬಂದ.

ಶಂಕರಪ್ಪ ಕಿಟಕಿಯ ಹತ್ತಿರದ ಕುರ್ಚಿಯಲ್ಲಿದ್ದ. ಹಣೆಯ ಮೇಲೆ ವಿಭೂತಿ, ಎದುರಿಗೆ ಸದ್ದಿಲ್ಲದ ಟೀವಿ. ಎರಡೂ ಕೈ ತೊಡೆಯ ಮೇಲೆ ತಮ್ಮ ಪಾಡಿಗೆ ನಡುಗುತ್ತಿದ್ದವು. ಯುದ್ಧದಲ್ಲಿ ಕಾಡಿನ ಎಲೆ ಉದುರಿಸಲು ಮೇಲಿನಿಂದ ಚಿಮುಕಿಸಿದ ಔಷಧಿಯಿಂದ ಬಂದ ಕಾಯಿಲೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಹೋದ ವರ್ಷಕ್ಕಿಂತ ಹೆಚ್ಚಾಗಿತ್ತು. ಬಾರಪಾ, ಎಂಬತ್ತರ ಹುಡುಗ ಎಂದು ಕರೆದ. ಗುರುರಾಜ ಪಕ್ಕದಲ್ಲಿ ಕೂತು ಕಾರ್ಡನ್ನು ಕೊಟ್ಟ, ಫೋಟೋದ ಬದಿ ಮೇಲೆ. ಅದು ಶಂಕರಪ್ಪನ ಕೈಯಲ್ಲಿ ಬೀಸಣಿಗೆಯಂತೆ ಅಲುಗಿತು.

"ನನ್ನ ಕಣ್ಣಿಗೆ ಇವು ಇರುವಿ ಹರದಂಗ ಕಾಣತಾವ. ನೀನ ಓದು."

ಗುರುರಾಜ ಓದಿದ. ಶ್ರೀಕಾರದಿಂದ ಶುರು ಮಾಡಿ, ಆಹ್ವಾನಿಸುವವರ ಹೆಸರು, ಸ್ಥಳ, ವೇಳೆ, ಊಟ. ನಡುವಿನ ಸಾಲನ್ನು ನಾಲಿಗೆ ದಾಟಿಕೊಂಡು ಹೋಯಿತು, ಕಾಲಿನ ಕೆಳಗಿನ ಮೆಟ್ಟಿಲೊಂದನ್ನು ಬಿಟ್ಟಂತೆ. ಓದಿ ಮುಗಿಸಿ ಕಾರ್ಡನ್ನು ಮಡಿಲಿನಲ್ಲಿಟ್ಟುಕೊಂಡ.

"ತಾತ, ಯು ಸ್ಕಿಪ್ಡ್ ದಿ ಬರ್ತ್‌ಡೇ," ಎಂದಳು ಹಂಸಿನಿ. ಸಹಾಯ ಮಾಡುವವಳ ಹಾಗೆ ಬಗ್ಗಿ ಕಾರ್ಡು ತೆಗೆದುಕೊಂಡಳು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ; ಇಂಗ್ಲಿಷಿನ ತಾರೀಖನ್ನು ಓದಿದಳು. ಆಮೇಲೆ ತನ್ನ ಕಥೆಯನ್ನು ಹೇಳಿದಳು. ಅಂಕಲ್, ತಾತನಿಗೆ ನಿಜವಾಗಿ ಐದನೇ ನಂಬರು, ಹೆಡ್‌ಮಾಸ್ಟರ್ ತಪ್ಪು ಬರೆದದ್ದರಿಂದ ಇನ್ನೂರ ನಲವತ್ತೊಂಬತ್ತು, ಇಲ್ಲದಿದ್ದರೆ ನಾನೇ ಹುಟ್ಟುತ್ತಿರಲಿಲ್ಲವೇನೋ, ನೀವು ನಂಬುತ್ತೀರಾ ಎಂದು. ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಕೈಬಾಯಿ ತಿರುಗಿಸುತ್ತ. ಗುರುರಾಜ ಟೀವಿ ನೋಡಿದ. ಅದರಲ್ಲಿ ಒಬ್ಬಳು ಸದ್ದಿಲ್ಲದೆ ಈರುಳ್ಳಿ ಹೆಚ್ಚುತ್ತಿದ್ದಳು.

"ಐದೇನು?" ಎಂದ ಶಂಕರಪ್ಪ. "ನಂದು ಎರಡು. ಭಾಳ ದೂರ ಇರಲಿಲ್ಲ ಬಿಡು ನಿಮ್ಮಜ್ಜ."

ಹಂಸಿನಿ ನಕ್ಕಳು. ಶಂಕರಪ್ಪನೂ ನಕ್ಕ. ಶಿವಲಿಂಗಮ್ಮ ಎದ್ದು, ಬಾ, ಶೇಂಗಾ ಹೋಳಿಗೆ ಮಾಡೀನಿ, ನಿಮ್ಮ ಅಜ್ಜಿಗೆ ಡಬ್ಬಿಗೆ ಹಾಕಿ ಕೊಡತೀನಿ ಎಂದು ಹುಡುಗಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಬಾಗಿಲು ಒಂದರೆಗಳಿಗೆ ತೂಗಿ ನಿಂತಿತು.

ಗುರುರಾಜನ ಬಾಯಲ್ಲಿ ಮಾತು ಐವತ್ತೈದು ವರ್ಷದಿಂದ ಸಿದ್ಧವಾಗಿತ್ತು. ಎಷ್ಟೋ ಸಲ ಶಾಂತವಾಗಿ, ವಿವರವಾಗಿ, ಕಣ್ಣಲ್ಲಿ ನೀರು ಬರುವಂತೆ ತನ್ನೊಳಗೇ ಹೇಳಿ ಮುಗಿಸಿದ್ದ. ಹಾಗೆ ಹೇಳಿದಾಗಲೆಲ್ಲ ಶಂಕರಪ್ಪ ಅವನ ಭುಜ ತಟ್ಟುತ್ತಿದ್ದ. ಈಗ ಬಂದದ್ದು ಇಷ್ಟೇ.

"ಶಂಕರಪ್ಪ, ಆ ಕಾಗದ..."

"ಓದೀನಿ ಅದನ್ನ."

ಗುರುರಾಜ ತಿರುಗಿ ನೋಡಿದ. ಶಂಕರಪ್ಪ ಕಿಟಕಿಯ ಆಚೆ ಬದನೆಗಿಡಗಳನ್ನು ನೋಡುತ್ತಿದ್ದ.

"ನಿನ್ನ ಕೋಟು ಗೂಟಕ್ಕ ಇರತಿತ್ತಲ್ಲ. ನೀ ಜಳಕಕ್ಕ ಹೋದಾಗ ಒಂದಿನ ತಗದು ಓದಿದೆ. ಛಲೋ ಇಂಗ್ಲಿಷ್ ಬರದಿದ್ದಿ. ಸಹಿ ಒಂದ ಇರಲಿಲ್ಲ."

"ನಂಗೆ ಹೆದರಿಕೆ ಆಗಿತ್ತು."

"ಗೊತ್ತಿತ್ತು. ದಸರಾ ಆಗಿ ಎರಡನೇ ದಿನ ಪಾಯಸ ಮಾಡಾಂವ ನೀನು. ಅನ್ನಾ ಮಾಡಾಕ ಬರತಿರಲಿಲ್ಲ, ಪಾಯಸ ಮಾಡತಿದ್ದಿ. ಯಾಕಂತ ನಾ ಕೇಳಿರಲಿಲ್ಲ ಅಷ್ಟ." 

ನಡುಗುವ ಒಂದು ಕೈಯನ್ನು ಇನ್ನೊಂದರಿಂದ ಹಿಡಿದುಕೊಂಡ. ಎರಡೂ ಕೂಡಿ ನಡುಗಿದವು. ಹಾಗಾದರೆ ಆ ಹನ್ನೊಂದು ದಿನವೂ, ನೋಟರಿ ಸಿಗಲಿಲ್ಲ ಎಂದು ತಾನು ಬೂಟು ಬಿಚ್ಚುತ್ತ ಹೇಳಿದಾಗಲೆಲ್ಲ, ಇವನಿಗೆ ಎಲ್ಲ ತಿಳಿದಿತ್ತು. ತಿಳಿದೇ ರೊಟ್ಟಿ ತಿರುವುತ್ತಿದ್ದ. ಬೋರ್ಡಿಗೆ ಹೋಗಿ, ಗುರುರಾಜನದೂ ಸುಳ್ಳು ತಾರೀಖೇ, ಅವನನ್ನು ಕೇಳಿ ಎಂದು ಒಂದು ಮಾತು ಹೇಳಿದ್ದರೆ ಶಂಕರಪ್ಪನ ಕಾಗದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಹೇಳಲಿಲ್ಲ. ಜೂನ್ ಒಂದನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಫೋನು ಮಾಡಿದ. ಗುರುರಾಜನಿಗೆ ತಾನು ಇಷ್ಟು ವರ್ಷ ಹೊತ್ತು ತಿರುಗಿದ್ದ ಗುಟ್ಟು ಗುಟ್ಟೇ ಆಗಿರಲಿಲ್ಲ ಎಂದು ತಿಳಿದಾಗ, ಹಗುರಾಗಬೇಕಿದ್ದ ಜಾಗದಲ್ಲಿ ಒಂದು ಬಗೆಯ ಕೋಪ ಎದ್ದಿತು. ಬೈದಿದ್ದರೆ ಆಗುತ್ತಿತ್ತು. ಒಂದು ಸಲ ಬೈದಿದ್ದರೆ.

"ಯಾಕೆ ಹೇಳ್ಲಿಲ್ಲ ಶಂಕರಪ್ಪ?"

"ಏನಂತ ಹೇಳಲಿ? ನೀ ಹೋಗು, ನಾ ಇರತೀನಿ ಅಂತನಾ?" ಎಂದ. ಆಮೇಲೆ, ಮಾತು ಮುಗಿಯಿತೆಂಬಂತೆ, "ತಾ, ಅಕ್ಷತಿ ಕೊಡು. ಕರಿಯಾಕ ಬಂದೀಯಲ್ಲ," ಎಂದು ಅಂಗೈ ಚಾಚಿದ.

ಗುರುರಾಜ ಡಬ್ಬಿ ತೆರೆದು, ಹೇಳಬೇಕಾದ ಮಾತನ್ನು ಹೇಳಿದ. ಶನಿವಾರ ಬೆಳಿಗ್ಗೆ ಹತ್ತಕ್ಕೆ, ದೇವಸ್ಥಾನದ ಸಣ್ಣ ಹಾಲ್‌ನಲ್ಲಿ, ಮನೆಯವರೆಲ್ಲ ಬಂದು ಅಕ್ಷತೆ ಹಾಕಿ ನಡೆಸಿಕೊಡಬೇಕು. ಒಂದು ಚಿಟಿಕೆ ಅಕ್ಷತೆ ಅಂಗೈಗೆ ಬಿತ್ತು. ಕೈ ನಿಲ್ಲಲಿಲ್ಲ. ಹಳದಿ ಅಕ್ಕಿ ಬೆರಳ ಸಂದಿಯಿಂದ ಚೆಲ್ಲಿ ಕಾರ್ಪೆಟ್ಟಿನ ಮೇಲೆ ಹರಡಿತು. ಅಕ್ಷತೆಯನ್ನು ತುಳಿಯಬಾರದು. ಗುರುರಾಜ ಕುರ್ಚಿಯಿಂದ ಜಾರಿ ಮಂಡಿಯೂರಿ ಆಯತೊಡಗಿದ. ಕಾರ್ಪೆಟ್ಟಿನ ದಪ್ಪ ಎಳೆಗಳ ನಡುವೆ ಕಾಳುಗಳು ಇಳಿದು ಕೂತಿದ್ದವು. ಒಂದೊಂದನ್ನೂ ಉಗುರಿನಿಂದ ಎಬ್ಬಿಸಬೇಕಿತ್ತು. ತಲೆಯ ಹತ್ತಿರವೇ ಶಂಕರಪ್ಪನ ಕಾಲುಗಳಿದ್ದವು, ಉಣ್ಣೆಯ ಕಾಲುಚೀಲದಲ್ಲಿ. ಮೇಲಿನಿಂದ ಏನೋ ನೆತ್ತಿಯ ಮೇಲೆ ಬಿತ್ತು. ತುಂತುರಿನಷ್ಟು ಹಗುರವಾಗಿ, ಬಿಟ್ಟು ಬಿಟ್ಟು.

"ಹಾಕಿದೆ ನೋಡು," ಎಂದ ಶಂಕರಪ್ಪ. "ಕಾಗದದ ಮ್ಯಾಲೆ ನಾ ನಿನಗಿಂತ ಒಂದು ತಿಂಗಳು ದೊಡ್ಡಾಂವ. ಹಾಕಬಹುದು. ನೂರ ವರ್ಷ ಬದುಕು." ಆಮೇಲೆ, ಅದೇ ದನಿಯಲ್ಲಿ, "ಇನ್ನ ಶನಿವಾರ ನಾ ಬರೂದು ಬೇಕಾಗಿಲ್ಲ."

ಗುರುರಾಜ ತಲೆ ಎತ್ತಲಿಲ್ಲ. ಎತ್ತಿದರೆ ಅಕ್ಷತೆ ಬೀಳುತ್ತದೆಂದು ಒಂದು ಕ್ಷಣ ಅನ್ನಿಸಿತು. ಮಂಡಿ ಹಿಡಿದುಕೊಂಡಿತ್ತು, ಏಳಲು ಏನನ್ನಾದರೂ ಹಿಡಿಯಬೇಕಿತ್ತು, ಹತ್ತಿರದಲ್ಲಿದ್ದದ್ದು ಶಂಕರಪ್ಪನ ಮೊಣಕಾಲು ಮಾತ್ರ. ಹಿಡಿಯಲು ಕೈ ಬರಲಿಲ್ಲ. ಹಂಸಿನಿ ಹೋಳಿಗೆಯ ಡಬ್ಬಿ ಹಿಡಿದು ಬಂದು, ತಾತ ಏನು ಮಾಡುತ್ತಿದ್ದೀಯ ಎಂದು ಗಾಬರಿಯಾಗಿ ಕಂಕುಳಿಗೆ ಕೈ ಕೊಟ್ಟು ಎಬ್ಬಿಸುವವರೆಗೂ ಹಾಗೆಯೇ ಇದ್ದ. ಅಕ್ಷತಿ ಚೆಲ್ಲಿತ್ತವ್ವ, ಆಯಾಕ ಹತ್ತಿದ್ದ ಎಂದು ಶಂಕರಪ್ಪನೇ ಉತ್ತರ ಹೇಳಿದ. ಹೊರಡುವಾಗ ಬಾಗಿಲವರೆಗೆ ಬರಲು ಎದ್ದ, ಶಿವಲಿಂಗಮ್ಮ ಕೂರಿಸಿದಳು. ಚಹಾ ಕುಡೀಲಿಲ್ಲಲ್ಲೋ ಎಂದು ಹಿಂದಿನಿಂದ ಕೂಗಿದ.

ಮರಳುವಾಗ ಮತ್ತೆ ಬೆಲ್ಟ್ ಪಾರ್ಕ್‌ವೇ, ಮತ್ತೆ ನಿಂತ ಕಾರುಗಳು. ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಅಂಕಲ್ ಎಷ್ಟು ಫನ್ನಿ, ಆದರೆ ಯುದ್ಧದ ಬಗ್ಗೆ ಕೇಳಲು ಆಗಲೇ ಇಲ್ಲ, ಶನಿವಾರ ಕೇಳುತ್ತೇನೆ ಎಂದಳು ಹಂಸಿನಿ. ಗುರುರಾಜನ ಬಲ ಮುಷ್ಟಿಯಲ್ಲಿ ಆಯ್ದುಕೊಂಡ ಕಾಳುಗಳಿದ್ದವು. ಡಬ್ಬಿಗೆ ಹಾಕುವುದನ್ನು ಮರೆತಿದ್ದ, ಈಗ ಮುಷ್ಟಿ ತೆರೆಯಲು ಮನಸ್ಸಾಗುತ್ತಿರಲಿಲ್ಲ. ಬೆವರಿಗೆ ಅರಿಸಿನ ಬಿಟ್ಟುಕೊಂಡು ಬೆರಳ ಸಂದಿಯಲ್ಲಿ ಹಳದಿ ಇಳಿದಿತ್ತು. ಕಾರಿನ ಸ್ಪೀಕರಿನಲ್ಲಿ ಫೋನು ಬಡಿದುಕೊಂಡಿತು. ಹಂಸಿನಿ ಗುಂಡಿ ಒತ್ತಿದಳು. ನಿರುಪಮಾಳ ದನಿ ನಾಲ್ಕೂ ಕಡೆಯಿಂದ ಬಂತು.

"ಅಪ್ಪಾ, ಹಾಲ್‌ನೋರು ಲೈನಲ್ಲಿದಾರೆ. ಶಂಕರಪ್ಪ ಅಂಕಲ್ ಬರ್ತಾರೆ ತಾನೆ? ಮುಂದಿನ ಸಾಲಲ್ಲಿ ಅವರಿಗೆ ಕುರ್ಚಿ ಹಾಕಿಸ್ಲಾ?"

ಹಂಸಿನಿ ಅವನತ್ತ ತಿರುಗಿ, ನಗುತ್ತ, ಕೈ ಚಾಚಿ ಅವನ ಕೂದಲಿನಿಂದ ಒಂದು ಹಳದಿ ಅಕ್ಕಿಕಾಳು ತೆಗೆದಳು. ಎಲ್ಲಿ ಹಾಕಬೇಕೆಂದು ತಿಳಿಯದೆ ಬೆರಳ ತುದಿಯಲ್ಲಿ ಹಿಡಿದುಕೊಂಡಳು.

"ಅಪ್ಪಾ? ಕೇಳಿಸ್ತಾ?"

ಮುಂದೆ ಕಾರುಗಳು ಕಣ್ಣು ಹಾಯುವವರೆಗೂ ಕೆಂಪು ದೀಪ ಹೊತ್ತಿಸಿಕೊಂಡು ನಿಂತಿದ್ದವು.

"ಹಾಕ್ಸು," ಎಂದ ಗುರುರಾಜ.